ಡೀಸೆಂಟ್ ಕಲಿಸಿದ ಮಿಸ್

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ವಿಜಯನಗರದ ಬಸ್ ನಿಲ್ದಾಣದಲ್ಲಿ. ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಈಗಲೂ ಅದೇ ರಸ್ತೆಯಲ್ಲಿದ್ದಾಳೆ. ಬಸ್ಸಿಗೆ ಕಾಯುತ್ತಿದ್ದವಳು ನನ್ನನ್ನು ನೋಡಿ ಹತ್ತಿರ ಬಂದು, "ಲೇ, ನಿಮ್ಮ ಹಳೇ ಓನರ್ ಹೋಗ್ಬಿಟ್ರು ಕಣೇ, ಹೋದ ಶುಕ್ರವಾರ" ಎಂದಳು.

ನನ್ನ ಬಾಯಿಂದ ಮೊದಲು ಬಂದ ಮಾತು, "ಎಲ್ಲಿ? ಆಸ್ಪತ್ರೇಲಾ, ಮನೇಲಾ?"

"ಮನೇಲೇ. ನಿದ್ದೇಲೇ ಹೋದ್ರಂತೆ. ಪುಣ್ಯವಂತೆ. ಯಾಕೆ ಕೇಳ್ದೆ?"

"ಸುಮ್ನೆ."

ಸುಮ್ಮನೆ ಕೇಳಿದ್ದಲ್ಲ. ಮನೆಗೆ ಬಂದು ತಾರೀಖು ಹಾಕಿ ದಿನಚರಿಯಲ್ಲಿ ಒಂದೇ ಸಾಲು ಬರೆದೆ: ಮಿಸ್ ತೀರಿಕೊಂಡರು, ತಮ್ಮ ಮನೆಯಲ್ಲಿ. ಆಮೇಲೆ ಹಳೆಯ ದಿನಚರಿಗಳನ್ನು ವರ್ಷದ ಪ್ರಕಾರ ಜೋಡಿಸಿಕೊಂಡು, ಅವರ ಪ್ರಸ್ತಾಪ ಬಂದ ಪುಟಗಳನ್ನು ಗುರುತು ಮಾಡುತ್ತ ಕೂತೆ. ದಿನಚರಿ ಬರೆಯುವ ಅಭ್ಯಾಸ ಹತ್ತಿಸಿದವರೂ ಅವರೇ. "ದಿನಾ ಒಂದು ಪುಟ ಬರಿ. ಮೇಲೆ ಡೇಟ್ ಹಾಕು. ಡೇಟ್ ಇಲ್ಲದೆ ಬರೆದದ್ದಕ್ಕೆ ಬೆಲೆ ಇಲ್ಲ" ಎನ್ನುತ್ತಿದ್ದರು. ಆ ಮಾತನ್ನು ನಾನು ಇವತ್ತಿಗೂ ಪಾಲಿಸುತ್ತಿದ್ದೇನೆ.

ನಾವು ರೋಣದ ಕಡೆಯವರು. ಅಪ್ಪ ಮೊದಲು ಒಬ್ಬನೇ ಬೆಂಗಳೂರಿಗೆ ಬಂದು, ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡೊಂದರಲ್ಲಿ ಲೇತ್ ಕೆಲಸಕ್ಕೆ ಸೇರಿ, ವರ್ಷವಾದ ಮೇಲೆ ನಮ್ಮನ್ನು ಕರೆಸಿಕೊಂಡ. ನಾವೆಂದರೆ ಅವ್ವ, ನಾನು, ಮತ್ತು ಆಯಿ. ಆಯಿ ಅಪ್ಪನ ತಾಯಿ. ನಾನಾಗ ಒಂಬತ್ತನೇ ತರಗತಿ. ಅಪ್ಪನ ಜೊತೆ ಕೆಲಸ ಮಾಡುವವರೊಬ್ಬರು ತೋರಿಸಿದ ಮನೆ ಅದು: ಮುಂದೆ ಓನರ್, ಹಿಂದೆ ಎರಡು ಕೋಣೆಯ ಬಾಡಿಗೆ ಮನೆ, ಮಧ್ಯೆ ತುಳಸಿಕಟ್ಟೆ.

ಮೊದಲ ದಿನ ಅವರು ನಮ್ಮನ್ನೆಲ್ಲ ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅವ್ವನ ಇಳಕಲ್ ಸೀರೆಯ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಂತಿತು.

"ನೋಡಿ, ಇದು ಡೀಸೆಂಟ್ ಏರಿಯಾ. ಅಕ್ಕಪಕ್ಕ ಎಲ್ಲ ಡೀಸೆಂಟ್ ಜನ. ನೀವೂ ಡೀಸೆಂಟ್ ಆಗಿ ಇದ್ರೆ ನನ್ನಿಂದ ಏನೂ ತೊಂದರೆ ಇರಲ್ಲ."

"ಹೌದ್ರಿ ಅಕ್ಕಾರ" ಎಂದ ಅಪ್ಪ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೇ ಕರೆಯುವುದು.

"ನಾನು ನಿಮಗೆ ಅಕ್ಕ ಅಲ್ಲ. ಮಿಸ್ ಅನ್ನಿ. ಈ ರಸ್ತೇಲಿ ಎಲ್ರೂ ಹಾಗೇ ಕರೆಯೋದು."

"ಆತ್ರಿ ಅಕ್ಕಾರ."

ಸಾಮಾನು ಇಳಿಸುವಾಗ ಆಯಿ ನನ್ನ ಕಿವಿಯ ಹತ್ತಿರ ಬಂದು, "ಏನೋ ಅಂದ್ಲಲ್ಲ ಅಕಿ, ಡಿಸಂಟ. ಹಂಗಂದ್ರ ಏನ?" ಎಂದು ಕೇಳಿದಳು.

"ಛಲೋ ಮಂದಿ ಅಂತ ಆಯಿ."

"ಇನ್ನೂ ನಾವು ಬಂದ ನಿಂತಿಲ್ಲ, ಛಲೋ ಅದೇವೋ ಇಲ್ಲೋ ಅಕಿಗೆ ಹೆಂಗ ಗೊತ್ತಾತು?"

ಮಿಸ್ಸಿಗೆ ಆಗ ಅರವತ್ತು ದಾಟಿತ್ತು. ಹುಡುಗಿಯರ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಮಗಳು ಮೈಸೂರಿನಲ್ಲಿದ್ದಳು. ಮನೆಯೊಳಗೆ ಒಬ್ಬರೇ ಇದ್ದಾಗಲೂ ಸೆರಗಿಗೆ ಪಿನ್ನು ಹಾಕಿರುತ್ತಿದ್ದರು. ನಮ್ಮನ್ನು ಹೆಸರು ಹಿಡಿದು ಕೂಗುತ್ತಿರಲಿಲ್ಲ. ಬೀಗದ ಕೈ ಗೊಂಚಲಿನಿಂದ ನಮ್ಮ ಕಿಟಕಿಯ ಸರಳಿಗೆ ಬಡಿಯುತ್ತಿದ್ದರು. ಎರಡು ಸಲ ಬಡಿದರೆ ಕಾವೇರಿ ನೀರು ಬಂದಿದೆ ಎಂದು. ಒಂದೇ ಸಲ ಬಡಿದರೆ ನಾವೇನೋ ತಪ್ಪು ಮಾಡಿದ್ದೇವೆ ಎಂದು.

ಒಂದೇ ಸಲದ ಬಡಿತಗಳು ಹೆಚ್ಚಾಗಿ ಬಟ್ಟೆಗೆ ಸಂಬಂಧಪಟ್ಟಿದ್ದವು. ಒಳ ಉಡುಪನ್ನು ಟವೆಲಿನ ಅಡಿಯಲ್ಲಿ ಒಣಗಿಸಬೇಕು, ಅದು ಡೀಸೆಂಟ್. ಅಪ್ಪ ಬನಿಯನ್ನಿನಲ್ಲಿ ಗೇಟಿನವರೆಗೆ ಹೋಗಬಾರದು, ಅದು ಡೀಸೆಂಟ್ ಅಲ್ಲ. ಅವ್ವ ಸಂತೆಯಲ್ಲಿ ಮಾತಾಡುವ ಹಾಗೆ ಅಂಗಳದಲ್ಲಿ ಮಾತಾಡಬಾರದು. ಬಣ್ಣಗಳಲ್ಲಿಯೂ ಡೀಸೆಂಟ್ ಮತ್ತು ಅಲ್ಲದವು ಎಂಬ ಎರಡು ಜಾತಿ ಇರುವುದು ನನಗೆ ಗೊತ್ತಾದದ್ದು ಅಲ್ಲಿಯೇ. ಬೂದಿ, ತಿಳಿ ನೀಲಿ, ಕೆನೆ ಬಣ್ಣ ಈಚೆ. ನಮ್ಮ ಊರಿನ ಕೆಂಪು, ಹಳದಿ, ಗಿಳಿಹಸಿರು ಆಚೆ.

ಇನ್ನೊಂದು ತಕರಾರು ರೊಟ್ಟಿಯದು. ಆಯಿ ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾವು ಬಂದ ಮೊದಲ ವಾರವೇ ಸರಳಿನ ಮೇಲೆ ಬೀಗದ ಕೈ ಬಿತ್ತು.

"ಇದೇನ್ರೀ ಬೆಳಿಗ್ಗೆ ಬೆಳಿಗ್ಗೆ ಬಟ್ಟೆ ಒಗೆದ ಹಾಗೆ? ಡೀಸೆಂಟ್ ಆಗಿ ಲಟ್ಟಿಸೋಕಾಗಲ್ವಾ?"

"ಬಡೀದಿದ್ರ ಅದು ರೊಟ್ಟಿ ಆಗೂದಿಲ್ಲ ತಂಗಿ" ಎಂದಳು ಆಯಿ.

ಅಕ್ಕ ಎನಿಸಿಕೊಳ್ಳಲು ಒಪ್ಪದವರು ತಂಗಿಯಾಗಿಬಿಟ್ಟಿದ್ದರು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆದರೆ ಮರುದಿನದಿಂದ ಆಯಿ ರೊಟ್ಟಿ ಬಡಿಯುವ ಹಲಗೆಯ ಕೆಳಗೆ ಗೋಣಿಚೀಲ ಮಡಚಿ ಹಾಕಿಕೊಂಡಳು. ಸದ್ದು ಸತ್ತುಹೋಯಿತು. ಭಾನುವಾರ ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮುಂದಿನ ಮನೆಗೆ ಹೋಗುತ್ತಿತ್ತು. ತಟ್ಟೆ ತೊಳೆದು ವಾಪಸು ಕೊಡುವಾಗ ಮಿಸ್, "ರೊಟ್ಟಿ ಮಾತ್ರ ಡೀಸೆಂಟ್ ಆಗಿರುತ್ತೆ ನಿಮ್ಮದು" ಎನ್ನುತ್ತಿದ್ದರು.

ಅವರು ನನಗೆ ಕಲಿಸಿದ್ದನ್ನೂ ಬರೆಯಬೇಕು. ಶಾಲೆಯಲ್ಲಿ ನಾನು ಬಾಯಿ ಬಿಟ್ಟರೆ ಇಡೀ ತರಗತಿ ನಗುತ್ತಿತ್ತು. ನಾನು "ಹೋಗಾಕತ್ತೀನಿ" ಎಂದದ್ದನ್ನು ಹುಡುಗರು ವಾರಗಟ್ಟಲೆ ಅನುಕರಿಸಿದರು. ಮಿಸ್ ಮಾತ್ರ ಒಂದು ದಿನವೂ ನಗಲಿಲ್ಲ. ನಾನು ವರಾಂಡದ ಮೆಟ್ಟಿಲ ಮೇಲೆ ಇಂಗ್ಲಿಷ್ ಪಾಠವನ್ನು ಎಡವುತ್ತ ಓದುವುದನ್ನು ಕೇಳಿ, "ಬಾರೇ ಇಲ್ಲಿ" ಎಂದು ಕರೆದು ಕೂರಿಸಿಕೊಂಡರು. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಪಾಠ. ಫೀಸಿನ ಮಾತೇ ಎತ್ತಲಿಲ್ಲ.

ಒಂದು ಭಾನುವಾರ ಧೈರ್ಯ ಮಾಡಿ ಡೀಸೆಂಟ್ ಎಂದರೆ ನಿಜವಾಗಿ ಏನರ್ಥ ಎಂದು ಕೇಳಿದೆ. ಅವರ ಮುಖ ಬೆಳಗಿತು. ಪದವೊಂದನ್ನು ಕೈಗೆ ಕೊಟ್ಟರೆ ಅವರು ಬೇರೆಯೇ ಮನುಷ್ಯರಾಗುತ್ತಿದ್ದರು.

"ಒಳ್ಳೇ ಪ್ರಶ್ನೆ. ಒಂದು, ಮರ್ಯಾದೆಗೆ ತಕ್ಕದ್ದು, ನಾಲ್ಕು ಜನ ಒಪ್ಪೋ ಹಾಗಿರೋದು. ಎರಡು, ಪರವಾಗಿಲ್ಲ ಅನ್ನೋ ಅಷ್ಟು, ಸಾಕಾಗೋ ಅಷ್ಟು. ಡೀಸೆಂಟ್ ಮಾರ್ಕ್ಸ್, ಡೀಸೆಂಟ್ ಸಂಬಳ. ಅದು ದೊಡ್ಡ ಹೊಗಳಿಕೆ ಅಲ್ಲ ಕಣೇ. ಮೂರು, ಬಾಗಿಲು ತಟ್ಟಿ ಆರ್ ಯು ಡೀಸೆಂಟ್ ಅಂತ ಕೇಳಿದ್ರೆ, ಬಟ್ಟೆ ಹಾಕ್ಕೊಂಡಿದ್ದೀಯಾ, ಒಳಗೆ ಬರಬಹುದಾ ಅಂತ." ಇಲ್ಲಿ ಅವರು ನಕ್ಕರು. ಅವರು ಬಾಯಿ ತುಂಬ ನಕ್ಕದ್ದನ್ನು ನಾನು ಅಷ್ಟಾಗಿ ನೋಡಿರಲಿಲ್ಲ. "ನಾಲ್ಕನೇದು ಚೆನ್ನಾಗಿದೆ ನೋಡು. ಇಟ್ ವಾಸ್ ಡೀಸೆಂಟ್ ಆಫ್ ಹಿಮ್ ಟು ಹೆಲ್ಪ್. ಮಾಡಲೇಬೇಕು ಅಂತ ಏನೂ ಇಲ್ಲ, ಆದರೂ ಇನ್ನೊಬ್ಬರ ಕಷ್ಟ ನೋಡಿ ಮಾಡೋದು. ಅಂತಃಕರಣ ಅಂತೀವಲ್ಲ, ಅದು. ಈಗ ಒಂದೊಂದಕ್ಕೂ ಒಂದೊಂದು ಸೆಂಟೆನ್ಸ್ ಮಾಡು."

ನಾಲ್ಕನೆಯದಕ್ಕೆ ನಾನು, ಫೀಸಿಲ್ಲದೆ ಪಾಠ ಹೇಳುವುದು ಮಿಸ್ ಅವರ ಡೀಸೆಂಟ್ ಗುಣ ಎಂಬರ್ಥದ ವಾಕ್ಯ ಬರೆದೆ. ಅವರು ಕೆಂಪು ಪೆನ್ನಿನಲ್ಲಿ ಒಂದು ತಪ್ಪು ತಿದ್ದಿ, ರೈಟ್ ಹಾಕಿದರು.

ಆ ದಿನದಿಂದ ದಿನಚರಿಯ ಕೊನೆಯ ಹಾಳೆಯಲ್ಲಿ ಗೆರೆ ಎಳೆದು, ಅರ್ಥಕ್ಕೊಂದರಂತೆ ನಾಲ್ಕು ಕಂಬ ಮಾಡಿ, ಆ ಪದ ಯಾವ ಅರ್ಥದಲ್ಲಿ ಕಿವಿಗೆ ಬಿತ್ತೋ ಆ ಕಂಬದಲ್ಲಿ ಒಂದು ಗೀಟು ಹಾಕತೊಡಗಿದೆ. ಮಿಸ್ ಬಾಯಿಂದ ಬಂದದ್ದು ಮಾತ್ರವಲ್ಲ, ಅಂಗಡಿ, ಶಾಲೆ, ಬಸ್ಸು, ಎಲ್ಲ ಕಡೆಯದು. ಡೀಸೆಂಟ್ ಹುಡುಗ, ಡೀಸೆಂಟ್ ಹೋಟೆಲು, ಡೀಸೆಂಟ್ ಸಂಬಂಧ. ಮೊದಲ ಕಂಬದಲ್ಲಿ ಗೀಟುಗಳು ಬೇಲಿಯ ಹಾಗೆ ಬೆಳೆದವು. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು. ಮೂರನೆಯದನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಅದು ಖಾಲಿ. ನಾಲ್ಕನೆಯದೂ ಖಾಲಿ. ಇಂಗ್ಲಿಷಿನಲ್ಲಿದ್ದ ಆ ಅರ್ಥವನ್ನು ಕನ್ನಡಕ್ಕೆ ಕರೆತರುವಾಗ ಎಲ್ಲರೂ ಕೂಡಿ ಗೇಟಿನ ಹೊರಗೇ ಬಿಟ್ಟಿದ್ದರು.

ಎರಡು ಸಾವಿರದ ಐದರ ಜನವರಿ ಕೊನೆಗೆ ಆಯಿಗೆ ಲಕ್ವ ಹೊಡೆಯಿತು. ಒಂದು ಕಡೆ ಪೂರ್ತಿ ಹೋಯಿತು. ಆಸ್ಪತ್ರೆಯವರು ಒಂದು ವಾರ ಇಟ್ಟುಕೊಂಡು, ಇನ್ನು ಮಾಡುವಂಥದ್ದೇನಿಲ್ಲ, ಮನೆಯಲ್ಲಿ ಎಲ್ಲರ ನಡುವೆ ಇರಲಿ ಎಂದು ಕಳಿಸಿದರು. ಕಿಟಕಿಯ ಕೆಳಗೆ ಹಾಸಿಗೆ ಹಾಸಿ ಮಲಗಿಸಿದೆವು. ಅವ್ವ ಚಮಚದಲ್ಲಿ ಗಂಜಿ ಹಾಕುತ್ತಿದ್ದಳು.

ಮಿಸ್ ದಿನಾ ಬೆಳಿಗ್ಗೆ ಬರತೊಡಗಿದರು. ಹೊಸ್ತಿಲಾಚೆ ನಿಂತು, "ಹೇಗಿದಾರೆ ಇವತ್ತು? ಗಂಜಿ ಒಳಗೆ ಹೋಯ್ತಾ? ಉಸಿರು ಹೇಗಿದೆ?" ಎಂದು ಕೇಳುತ್ತಿದ್ದರು. ರಸ್ತೆಯಲ್ಲಿ ಬೇರೆ ಯಾರೂ ಕೇಳಲಿಲ್ಲ. "ಮ್ಯಾಲೆ ಬಿರುಸು, ಒಳಗ ಮೆತ್ತಗ ಅದಾರ" ಎಂದಳು ಅವ್ವ. ನಾನು ನಾಲ್ಕನೆಯ ಕಂಬದಲ್ಲಿ ಮೊದಲ ಗೀಟು ಎಳೆದೆ.

ಆ ಭಾನುವಾರ ಪಾಠಕ್ಕೆ ಹೋದಾಗ ಅವರ ತೊಡೆಯ ಮೇಲೆ ಪುಸ್ತಕ ಇರಲಿಲ್ಲ, ಗೋಡೆಯಿಂದ ಇಳಿಸಿದ ಕ್ಯಾಲೆಂಡರ್ ಇತ್ತು. ಅಪ್ಪನನ್ನು ಕರೆಯಲು ಹೇಳಿದರು.

"ಬೇಜಾರು ಮಾಡ್ಕೋಬೇಡಿ. ಗುರುವಾರ ಮಧ್ಯಾಹ್ನ ಧನಿಷ್ಠಾ ಪಂಚಕ ಶುರುವಾಗುತ್ತೆ. ಸೋಮವಾರ ಸಂಜೆವರೆಗೂ ಇದೆ. ಆ ನಕ್ಷತ್ರಗಳಲ್ಲಿ ಮನೇಲಿ ಏನಾದ್ರೂ ಆದ್ರೆ ಬಾಗಿಲು ಹಾಕಬೇಕು. ನಿಮ್ಮ ಪೋರ್ಷನ್ ಮಾತ್ರ ಅಲ್ಲ, ಇಡೀ ಮನೆ. ಆರು ತಿಂಗಳು ಯಾರೂ ಇರೋ ಹಾಗಿಲ್ಲ."

ಅವರು ಬೆಳಿಗ್ಗೆ ಬೆಳಿಗ್ಗೆ ಉಸಿರು ಕೇಳುತ್ತಿದ್ದುದು ಯಾಕೆಂದು ನನಗೆ ಆಗ ಗೊತ್ತಾಯಿತು.

"ನಮ್ಮಾಗ ನಕ್ಷತ್ರ ನೋಡೂದಿಲ್ರಿ ಅಕ್ಕಾರ" ಎಂದ ಅಪ್ಪ. "ಸೂತಕಾನೂ ಇಲ್ರಿ."

"ನಿಮ್ಮಲ್ಲಿ ಇಲ್ಲದೆ ಇರಬಹುದು. ಮನೆ ನನ್ನದಲ್ವಾ?" ಅವರು ಕ್ಯಾಲೆಂಡರನ್ನು ಮಡಚಿದರು. "ಒಂದು ಸಲ ಆಗಿದೆ ನನಗೆ. ನಿಮಗಿಂತ ಮುಂಚೆ ಇದ್ದವರ ಮನೇಲಿ. ಆರು ತಿಂಗಳು ನೆಂಟರ ಮನೆ ಮೂಲೇಲಿ ಸೂಟ್‌ಕೇಸ್ ಇಟ್ಕೊಂಡು ಕೂತಿದ್ದೀನಿ. ಊಟಕ್ಕೆ ಕರೆಯೋವರೆಗೂ ಎದ್ದು ಹೋಗೋ ಹಾಗಿಲ್ಲ. ಈ ವಯಸ್ಸಲ್ಲಿ ಇನ್ನೊಂದು ಸಲ ನನ್ನಿಂದ ಆಗಲ್ಲ." ಅದು ಸುಳ್ಳಾಗಿರಲಿಲ್ಲ.

"ಮನ್ಯಾಗ ಹೋಗ್ಲಿ ಅಂತ ಡಾಕ್ಟ್ರೇ ಕಳಿಸ್ಯಾರ್ರಿ."

"ಮನೇಲೇ ಹೋಗ್ಲಿ. ನಾನು ಬೇಡ ಅಂದ್ನಾ? ಆ ಐದು ದಿನ ಮಾತ್ರ ಬೇರೆ ಕಡೆ ಇರ್ಲಿ. ನನ್ನ ಹಳೇ ಸ್ಟೂಡೆಂಟ್ ಒಬ್ಬಳು ನರ್ಸಿಂಗ್ ಹೋಮ್ ನಡೆಸ್ತಾಳೆ, ನಾನೇ ಹೇಳ್ತೀನಿ. ಮಂಗಳವಾರ ಬೆಳಿಗ್ಗೆ ವಾಪಸ್ ಕರ್ಕೊಂಡು ಬನ್ನಿ. ಡೀಸೆಂಟ್ ಆಗಿ ಕೇಳ್ತಿದೀನಿ, ಇಲ್ಲ ಅನ್ಬೇಡಿ."

ಅಪ್ಪ ನನ್ನ ಕಡೆ ನೋಡಿದ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು. ಸಾಯುತ್ತಿರುವ ಮುದುಕಿಯನ್ನು ಇಟ್ಟುಕೊಂಡು ಹೋದರೆ ಇಡೀ ವಿಜಯನಗರದಲ್ಲಿ ನಮಗೆ ಮನೆ ಕೊಡುವವರು ಯಾರು? ಅವರು ಬೈದಿದ್ದರೆ ಅಪ್ಪನೂ ಬೈಯುತ್ತಿದ್ದ, ಅವನಿಗೆ ಅದು ಬರುತ್ತಿತ್ತು. ಆದರೆ ಆ ಪದ ಮೊದಲೇ ಬಂದು ಕೂತುಬಿಟ್ಟರೆ, ಎದುರಿನವನು ದನಿ ಏರಿಸಿದ ಕ್ಷಣವೇ ತಪ್ಪು ಅವನದಾಗುತ್ತದೆ. ಅಪ್ಪ "ಆತ್ರಿ ಅಕ್ಕಾರ" ಎಂದ.

ಗುರುವಾರ ಬೆಳಿಗ್ಗೆ ಆಯಿಯನ್ನು ಆಟೊದಲ್ಲಿ ಕೂರಿಸುವಾಗ, ಅವಳ ಅರ್ಧ ಬಾಯಿಯಿಂದ ಮಾತು ಹೊರಟಿತು. "ಎಲ್ಲಿಗೆ ಒಯ್ಯಾಕತ್ತೀರಿ?"

ಅವ್ವ ಅವಳ ಸೆರಗು ಸರಿಮಾಡುತ್ತ, "ಊರಿಗ್ರಿ ಅತ್ತಿ" ಎಂದಳು.

ಆಯಿ ಕಣ್ಣು ಮುಚ್ಚಿಕೊಂಡಳು. ಒಪ್ಪಿದಂತೆ ಕಂಡಿತು.

ನರ್ಸಿಂಗ್ ಹೋಮಿನಲ್ಲಿ ಮಿಸ್ ಮುಂದೆ ನಿಂತು ಎಲ್ಲ ಮಾಡಿಸಿದರು. ಗಾಳಿ ಬರುವ ಕಡೆ ಮಂಚ ಹಾಕಿಸಿದರು. ನರ್ಸಿಗೆ ಚೊಕ್ಕ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ಹೊರಡುವಾಗ ಆಯಿಯ ಹೊದಿಕೆಯನ್ನು ಕಾಲಿನವರೆಗೆ ಎಳೆದು ಸರಿಮಾಡಿದರು.

ಶನಿವಾರ ಮಧ್ಯಾಹ್ನಕ್ಕೆ ಮುಂಚೆ ಆಯಿ ಹೋದಳು. ಅಲ್ಲಿ ಅವ್ವನನ್ನು ಬಿಟ್ಟು, ಅಪ್ಪ ಮತ್ತು ನಾನು ಮನೆಗೆ ಬಂದೆವು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸುತ್ತೇವೆ, ಬಂದವರು ಹೂ ಹಾಕುತ್ತಾರೆ, ಆಮೇಲೆ ಮಣ್ಣಿಗೆ. ಅದಕ್ಕೆ ಬೇಕಾದದ್ದು ಒಂದು ಗೋಡೆ.

ಮಿಸ್ ಗೇಟಿನ ಒಳಗೆ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದರು.

"ಒಳಗ ಬ್ಯಾಡ್ರಿ ಅಕ್ಕಾರ. ಹಿತ್ತಲದಾಗ, ಹೊರಗಿನ ಗ್ವಾಡಿಗೆ ಕೂಡಿಸ್ತೇವಿ. ಒಂದ ತಾಸು ಸಾಕ್ರಿ."

"ಇವತ್ತು ಶನಿವಾರ ಕಣ್ರೀ."

"ಹೌದ್ರಿ."

"ಸೋಮವಾರದವರೆಗೂ ಅಂತ ಹೇಳಿದ್ನಲ್ಲ. ಹೆಣ ಕಾಂಪೌಂಡ್ ಒಳಗೆ ಬಂದ್ರೂ ಅಷ್ಟೇ. ಅಲ್ಲಿಂದಾನೇ ಡೀಸೆಂಟ್ ಆಗಿ ಮುಗಿಸಿಬಿಡಿ, ದಯವಿಟ್ಟು. ರಸ್ತೇಲೂ ಬೇಡ, ಎಲ್ಲ ನೋಡ್ತಾರೆ."

ಅವರ ಕಣ್ಣಲ್ಲಿ ನೀರಿತ್ತು. ಒಂದು ಕೈಯಿಂದ ಒರೆಸಿಕೊಂಡರು. ಇನ್ನೊಂದು ಕೈ ಚಿಲಕ ಬಿಡಲಿಲ್ಲ.

ಅಪ್ಪ ಶೆಡ್ಡಿಗೆ ಹೋದ. ಅಲ್ಲಿನ ಮಾಲಕರು ಯಾವಾಗಲೂ ಕೂಗಾಡುವ ಮನುಷ್ಯ. ಬಾಯಲ್ಲಿ ಎಲೆಅಡಿಕೆ, ಮಾತಿಗೊಂದು ಬೈಗುಳ, ಮೇಲಿನ ಎರಡು ಗುಂಡಿ ಹಾಕದ ಅಂಗಿ. ಅಪ್ಪನ ಮಾತು ಪೂರ್ತಿ ಕೇಳುವ ಮೊದಲೇ ಒಳಗೆ ತಿರುಗಿ, "ಮಷಿನ್ ಎಲ್ಲ ಆಫ್ ಮಾಡ್ರೋ" ಎಂದು ಕೂಗಿದರು.

"ಸಾರ್, ಸಂಜೆ ಡೆಲಿವರಿ ಇದೆ" ಎಂದ ಒಬ್ಬ.

"ಸೋಮವಾರ ಕೊಡ್ತೀವಿ ಅನ್ನೋ. ಕಬ್ಬಿಣ ಏನು ಕೊಳೆತು ಹೋಗುತ್ತಾ?" ಆಮೇಲೆ ಅಪ್ಪನ ಹೆಗಲ ಮೇಲೆ ಕೈಹಾಕಿ, "ಗೋಡೆ ತಾನೇ ಬೇಕಿರೋದು? ಇಷ್ಟುದ್ದ ಇದ್ಯಲ್ಲ, ತಗೋ" ಎಂದರು.

ನೆಲದ ಕಬ್ಬಿಣದ ಚೂರುಗಳನ್ನು ಗುಡಿಸಿ, ಜಮಖಾನ ಹಾಸಿ, ಎರಡು ಲೇತ್ ಯಂತ್ರಗಳ ನಡುವಿನ ಗೋಡೆಗೆ ಆಯಿಯನ್ನು ಕೂರಿಸಿದೆವು. ಅವ್ವ ಅವಳಿಗೆ ಕೆಂಪು ಅಂಚಿನ ಗಿಳಿಹಸಿರು ಇಳಕಲ್ ಉಡಿಸಿದ್ದಳು. ಯಂತ್ರದ ಎಣ್ಣೆಯ ವಾಸನೆಯಲ್ಲಿ ಊದುಬತ್ತಿಯ ವಾಸನೆ ಸೇರಿತು. ಅಕ್ಕಪಕ್ಕದ ಶೆಡ್ಡುಗಳಿಂದ ನಮ್ಮ ಕಡೆಯ ಗಂಡಸರು ಕೈಯ ಮಸಿ ತೊಳೆದುಕೊಂಡು ಬಂದು ಭಜನೆಗೆ ಕೂತರು. ನಮ್ಮ ರಸ್ತೆಯಿಂದ ಬಂದವರು ಒಬ್ಬರೇ.

ಮಿಸ್ ನಾಲ್ಕು ಗಂಟೆಯ ಹೊತ್ತಿಗೆ ಆಟೊದಲ್ಲಿ ಬಂದರು. ಬೂದಿ ಬಣ್ಣದ ಸೀರೆ, ಕೈಯಲ್ಲಿ ಸೇವಂತಿಗೆಯ ಹಾರ. ಷಟರಿನ ಹೊರಗೆ ಚಪ್ಪಲಿ ಬಿಟ್ಟು, ಎಣ್ಣೆ ತಾಗದಂತೆ ನೆರಿಗೆ ಎತ್ತಿ ಹಿಡಿದು ಒಳಗೆ ಬಂದರು. ಹಾರ ಹಾಕಿ ಕೈ ಮುಗಿದರು. ಒಂದು ಕ್ಷಣ ಆಯಿಯ ಮುಖವನ್ನೇ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, "ಹಾಲ್ ಟಿಕೆಟ್ ಬಂತೇನೇ?" ಎಂದು ಮೆಲ್ಲಗೆ ಕೇಳಿದರು.

"ಇನ್ನೂ ಇಲ್ಲ ಮಿಸ್."

"ಓದೋದು ಬಿಡಬೇಡ."

ಹೊರಡುವಾಗ ಅಪ್ಪನ ಮುಂದೆ ನಿಂತು ಸುತ್ತಲೂ ಒಮ್ಮೆ ಕಣ್ಣಾಡಿಸಿ, "ತುಂಬಾ ಡೀಸೆಂಟ್ ಆಗಿ ಮಾಡಿದ್ದೀರಿ" ಎಂದರು. ಅಪ್ಪ ಕೈ ಮುಗಿದ. ಅಕ್ಕಾರ ಎನ್ನಲಿಲ್ಲ. ಆಮೇಲೆ ಎಂದೂ ಅನ್ನಲಿಲ್ಲ.

ಆ ದಿನದ ಪುಟದಲ್ಲಿ ತಾರೀಖು ಬಿಟ್ಟು ಬೇರೇನೂ ಇಲ್ಲ. ನಾಲ್ಕನೆಯ ಕಂಬದ ಗೀಟನ್ನು ಹೊಡೆದುಹಾಕಿದ್ದೇನೆ. ಮುಂದೆ ಆ ಹಾಳೆಯಲ್ಲಿ ನಾನು ಯಾವ ಗೀಟನ್ನೂ ಎಳೆದಿಲ್ಲ.

ಮನೆ ತಕ್ಷಣ ಬಿಡಲಿಲ್ಲ, ಬಿಡುವ ಹಾಗಿರಲಿಲ್ಲ. ಒಂದು ಭಾನುವಾರ ತಪ್ಪಿಸಿ ಮುಂದಿನ ಭಾನುವಾರ ನಾನು ಪುನಃ ವರಾಂಡದಲ್ಲಿ ಕೂತಿದ್ದೆ. ಮಿಸ್ ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ ಕಲಿಸಿದರು. ಪರೀಕ್ಷೆಯ ಹಿಂದಿನ ದಿನ ಎರಡು ಹೊಸ ಪೆನ್ನು ಕೊಟ್ಟರು. ಇಂಗ್ಲಿಷಿನಲ್ಲಿ ನನಗೆ ತರಗತಿಗೇ ಹೆಚ್ಚು ಅಂಕ ಬಂದಾಗ, "ನನ್ನ ಸ್ಟೂಡೆಂಟ್" ಎಂದು ರಸ್ತೆಗೆಲ್ಲ ಹೇಳಿದರು. ಅವ್ವ ಗೋಡೆಯ ಕಡೆ ತಿರುಗಿ ಕೂತು, ಲಟ್ಟಣಿಗೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು.

ಫಲಿತಾಂಶ ಬಂದ ವಾರವೇ ಬಾಪೂಜಿ ನಗರಕ್ಕೆ ಹೊರಟೆವು. ಟೆಂಪೊಗೆ ಸಾಮಾನು ಏರಿಸುತ್ತಿದ್ದಾಗ ಮಿಸ್ ನನ್ನನ್ನು ಕರೆದರು. ವರಾಂಡದಲ್ಲಿ ಕಪ್ಪು ಬಣ್ಣ ಬಳಿದ ತಗಡು, ಬಿಳಿ ಪೇಂಟಿನ ಡಬ್ಬಿ, ಬ್ರಷ್ಷು ಇಟ್ಟಿದ್ದರು.

"ನಿನ್ನ ಹ್ಯಾಂಡ್‌ರೈಟಿಂಗ್ ಈಗ ಚೆನ್ನಾಗಾಗಿದೆ. ಇದೊಂದು ಬರೆದುಕೊಟ್ಟು ಹೋಗು. ಟು ಲೆಟ್ ಅಂತ ದೊಡ್ಡದಾಗಿ. ಕೆಳಗೆ, ಡೀಸೆಂಟ್ ಫ್ಯಾಮಿಲಿ ಓನ್ಲಿ."

ಮೊಣಕಾಲೂರಿ ಕೂತು ಬರೆದೆ. ಅವರು ಹಿಂದೆ ನಿಂತು ಅಕ್ಷರ ನೋಡುತ್ತಿದ್ದರು.

"ಅದರ ಕೆಳಗೆ ಇನ್ನೊಂದು ಲೈನ್. ನೋ ಏಜ್ಡ್ ಪರ್ಸನ್ಸ್."

ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದೆ. "ಇದು ನನ್ನ ಕೈಲಿ ಬರಿಯೋಕಾಗಲ್ಲ ಮಿಸ್."

"ಸ್ಪೆಲಿಂಗ್ ಹೇಳ್ತೀನಿ, ಬರಿ."

"ಸ್ಪೆಲಿಂಗ್ ಗೊತ್ತು ಮಿಸ್."

ಅವರು ನನ್ನನ್ನು ನೋಡಿದರು. ಹೊರಗೆ ಟೆಂಪೊದವನು ಹಾರ್ನ್ ಹೊಡೆದ. ಕೈ ಚಾಚಿದರು, ಬ್ರಷ್ಷು ಕೊಟ್ಟೆ. ಮೆಟ್ಟಿಲ ಮೇಲೆ ಕೂತು, ತಗಡನ್ನು ತೊಡೆಗೆ ಒರಗಿಸಿಕೊಂಡು, ತಲೆ ಎತ್ತದೆ ಆ ಸಾಲನ್ನು ಅವರೇ ಬರೆದರು.

ಟೆಂಪೊ ರಸ್ತೆಯ ಕೊನೆಯಲ್ಲಿ ತಿರುಗುವಾಗ ಹಿಂದಕ್ಕೆ ನೋಡಿದೆ. ಬೋರ್ಡು ಆಗಲೇ ಗೇಟಿನ ಮೇಲಿತ್ತು. ನಾನು ಬರೆದ ಡೀಸೆಂಟ್ ಸಾಲು ಅಷ್ಟು ದೂರಕ್ಕೆ ಕಲಸಿಹೋಗಿತ್ತು. ಅವರ ಸಾಲು ಮಾತ್ರ, ಶಾಲೆಯ ಕರಿಹಲಗೆಯ ಮೇಲೆ ಬರೆದೂ ಬರೆದೂ ಪಳಗಿದ ಕೈಯದು, ಒಂದೊಂದು ಅಕ್ಷರವೂ ಓದುವ ಹಾಗಿತ್ತು.